ಕೈಗೆ ಪೆಟ್ಟಾದ ಮೇಲೆ ಮನೆ ನಡೆಯುವುದು ಹೇಗೆ?

ನಮ್ಮಣ್ಣ ದಾವಣಗೆರೆಯ ಹೊರಗಿನ ಒಂದು ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ. 2021ರಲ್ಲಿ ಒಂದು ದಿನ ರಾತ್ರಿ ಪಾಳಿಯಲ್ಲಿ ಅವನ ಬಲಗೈ ಬೆಲ್ಟಿಗೆ ಸಿಕ್ಕಿತು. ಎರಡು ಬೆರಳು ಹೋದವು. ಆಗ ಅವನಿಗೆ 35 ವರ್ಷ, ತಿಂಗಳಿಗೆ 15,000 ರೂಪಾಯಿ ಪಗಾರ. ಮಾಲೀಕರು ಆಸ್ಪತ್ರೆಗೆ ಬಂದರು, ಬಿಲ್ಲು ಕಟ್ಟಿದರು. "ಖರ್ಚೆಲ್ಲ ನಾ ನೋಡ್ಕೊಂತೀನಿ, ನೀನು ಆರಾಮಾಗಿ ಬಾ" ಅಂದರು. ಮನೆಗೆ ಕಳಿಸುವ ದಿನ ಕೈಯಲ್ಲಿ 20,000 ರೂಪಾಯಿ ಇಟ್ಟು, ಒಂದು ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಇನ್ನು ಮುಂದೆ ಏನೂ ಕೇಳುವುದಿಲ್ಲ ಅಂತ ಅದರಲ್ಲಿ ಬರೆದಿತ್ತು.

ಅಣ್ಣ ನಾಲ್ಕು ತಿಂಗಳು ಮನೆಯಲ್ಲೇ ಕೂತ. ಮೊದಲ ತಿಂಗಳಿಗೇ ಆ 20,000 ಮುಗಿಯಿತು. ಆಮೇಲೆ ಅತ್ತಿಗೆಯ ಓಲೆ ಅಡವಿಗೆ ಹೋಯಿತು. ಸಂಘದ ವಾರದ ಕಂತು ತಪ್ಪಿತು. ಅದನ್ನು ಕಟ್ಟಲು ಕೈಸಾಲ, ಕೈಸಾಲಕ್ಕೆ ಬಡ್ಡಿ. ಕೈ ಗಾಯ ಮಾಗಿದ ಎಷ್ಟೋ ದಿನದ ಮೇಲೂ ಆ ಬಡ್ಡಿ ತೀರಿರಲಿಲ್ಲ.

ಪೆಟ್ಟಾದಾಗ ಎರಡು ಖರ್ಚು ಒಟ್ಟಿಗೇ ಶುರುವಾಗುತ್ತವೆ. ಒಂದು ಆಸ್ಪತ್ರೆಯದು, ಇನ್ನೊಂದು ಮನೆಯದು. ನಾವು ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತೇವೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ ಅಂತ ಈಗ ಹಳ್ಳಿಯಲ್ಲೂ ಗೊತ್ತು. ಆದರೆ ದುಡಿಯುವ ಕೈ ಮಡಿಲಲ್ಲಿ ಕೂತಾಗ ಅಕ್ಕಿ, ಬಾಡಿಗೆ, ಕಂತು ಎಲ್ಲಿಂದ ಬರಬೇಕು? ಈ ಎರಡನೆಯ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ. ಎಲ್ಲರಿಗೂ ಇಲ್ಲ. ಇದ್ದವರಲ್ಲೂ ಬಹಳ ಜನಕ್ಕೆ ತಮಗೆ ಇದೆ ಅಂತ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ.

ಇಎಸ್‌ಐ: ದುಡಿಯದ ದಿನಕ್ಕೂ ಸಂಬಳ

ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳ ಊರು. ಗಿರಣಿ ಕೆಲಸಗಾರರ ಮನೆಗಳಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ನುವುದು ದಿನಬಳಕೆಯ ಮಾತಾಗಿತ್ತು. ನಿಟ್ಟುವಳ್ಳಿಯಲ್ಲಿ ಇಎಸ್‌ಐ ಆಸ್ಪತ್ರೆ ಈಗಲೂ ಇದೆ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಸಣ್ಣ ಸಣ್ಣ ಮಿಲ್ಲು, ಗೋದಾಮು, ಭಟ್ಟಿ, ವರ್ಕ್‌ಶಾಪುಗಳಿಗೆ ಚದುರಿತು. ಅದರ ಜೊತೆಗೆ ಆ ಮಾತೂ ಮರೆಯಾಯಿತು ಅಂತ ನನಗೆ ಅನ್ನಿಸುತ್ತದೆ. ಇವತ್ತು ಎಷ್ಟೋ ಜನಕ್ಕೆ ಇಎಸ್‌ಐ ಅಂದರೆ ಉಚಿತ ಔಷಧಿ, ಅಷ್ಟೇ. ಅದರ ಇನ್ನೊಂದು ಅರ್ಧ, ಅಂದರೆ ನಗದು ಸೌಲಭ್ಯ, ಯಾರ ತಲೆಯಲ್ಲೂ ಇಲ್ಲ.

ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಾರ್ಖಾನೆ, ಅಂಗಡಿ, ಸಂಸ್ಥೆಗಳಿಗೆ ಇಎಸ್‌ಐ ಕಡ್ಡಾಯ. ಹತ್ತು ಅಂತ ಎಣಿಸುವಾಗ ದಿನಗೂಲಿಯವರೂ ಗುತ್ತಿಗೆಯವರೂ ಸೇರುತ್ತಾರೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇದರೊಳಗೆ ಬರುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. ಸಂಬಳದಲ್ಲಿ ಕೆಲಸಗಾರರಿಂದ ಶೇ 0.75 ಹಿಡಿಯುತ್ತಾರೆ, ಮಾಲೀಕರು ಶೇ 3.25 ಸೇರಿಸಿ ಕಟ್ಟಬೇಕು. 15,000 ಸಂಬಳಕ್ಕೆ ಲೆಕ್ಕ ಹಾಕಿದರೆ ಕೆಲಸಗಾರನ ಪಾಲು ಸುಮಾರು 113 ರೂಪಾಯಿ, ಮಾಲೀಕರ ಪಾಲು ಸುಮಾರು 488.

ಈ ಆರುನೂರು ರೂಪಾಯಿ ಏನು ಕೊಡುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಕೆಲಸದ ಜಾಗದಲ್ಲಿ ಪೆಟ್ಟಾಗಿ ದುಡಿಯಲು ಆಗದಿದ್ದರೆ, ವೈದ್ಯರು ಕೆಲಸಕ್ಕೆ ಹೋಗಬಹುದು ಅನ್ನುವವರೆಗೆ ದಿನದ ಸರಾಸರಿ ಸಂಬಳದ ಶೇ 90 ಸಿಗುತ್ತದೆ. ಇದಕ್ಕೆ ಇಷ್ಟು ತಿಂಗಳು ಅಂತ ಮಿತಿ ಇಲ್ಲ. ಇಷ್ಟು ದಿನ ವಂತಿಗೆ ಕಟ್ಟಿರಬೇಕು ಅನ್ನುವ ಷರತ್ತೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲನೇ ದಿನವೇ ಪೆಟ್ಟಾದರೂ ಸಿಗಬೇಕು. ಪೆಟ್ಟಾದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲು ಆಗದೆ ಇದ್ದರೆ ಸಾಕು. ಅಣ್ಣನ ಸಂಬಳಕ್ಕೆ ಹೇಳುವುದಾದರೆ ದಿನಕ್ಕೆ 450 ರೂಪಾಯಿ, ತಿಂಗಳಿಗೆ 13,500. ನಾಲ್ಕು ತಿಂಗಳಿಗೆ 54,000. ಅತ್ತಿಗೆಯ ಓಲೆ ಅಡವಿಡುವ ಅಗತ್ಯವೇ ಬರುತ್ತಿರಲಿಲ್ಲ.

ಗಾಯ ಮಾಗಿದರೂ ಕೈಕಾಲಿನಲ್ಲಿ ಊನ ಉಳಿದರೆ ಇಎಸ್‌ಐ ವೈದ್ಯಕೀಯ ಮಂಡಳಿ ನೋಡುತ್ತದೆ. ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಗಿದೆ ಅಂತ ಅದು ನಿರ್ಧರಿಸುತ್ತದೆ. ಆ ಲೆಕ್ಕದಲ್ಲಿ ತಿಂಗಳು ತಿಂಗಳು ಹಣ ಬರುತ್ತದೆ, ಬದುಕಿರುವವರೆಗೆ. ಮತ್ತೆ ಕೆಲಸಕ್ಕೆ ಸೇರಿ ಸಂಬಳ ತೆಗೆದುಕೊಳ್ಳುತ್ತಿದ್ದರೂ ಅದು ನಿಲ್ಲುವುದಿಲ್ಲ.

ಪೆಟ್ಟು ಕೆಲಸದಲ್ಲಿ ಆಗಿದ್ದಲ್ಲ, ಭಾನುವಾರ ಸಂತೆಗೆ ಹೋಗುವಾಗ ಬೈಕಿನಿಂದ ಬಿದ್ದದ್ದು ಅನ್ನಿ. ಆಗ ಸಿಗುವುದು ಕಾಯಿಲೆ ಭತ್ಯೆ. ಸಂಬಳದ ಶೇ 70, ವರ್ಷಕ್ಕೆ 91 ದಿನದವರೆಗೆ. ಇದಕ್ಕೆ ಮಾತ್ರ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಮನೆಯಿಂದ ಕೆಲಸಕ್ಕೆ ಹೋಗುವ, ಬರುವ ದಾರಿಯಲ್ಲಿ ಆದ ಅಪಘಾತವನ್ನು ಬೇರೆಯಾಗಿ ನೋಡುತ್ತಾರೆ. ಕೆಲಸಕ್ಕೂ ಆ ಪ್ರಯಾಣಕ್ಕೂ ಸಂಬಂಧ ಇದೆ ಅಂತ ತೋರಿಸಿದರೆ ಅದನ್ನು ಕೆಲಸದ ಪೆಟ್ಟು ಅಂತಲೇ ಲೆಕ್ಕ ಹಾಕಬೇಕು. ಇಎಸ್‌ಐ ಕಾಯ್ದೆಗೆ ಇದು 2010ರ ತಿದ್ದುಪಡಿಯಲ್ಲಿ ಬಂತು. ಹರಿಹರದಿಂದ ದಾವಣಗೆರೆಗೆ ದಿನಾ ಬೈಕಿನಲ್ಲಿ ಓಡಾಡುವವರು ಇದನ್ನು ನೆನಪಿಡಬೇಕು.

ಹಾಗಾದರೆ ಅಣ್ಣನಿಗೆ ಯಾಕೆ ಸಿಗಲಿಲ್ಲ? ಮಿಲ್ಲಿನಲ್ಲಿ ಹದಿನಾಲ್ಕು ಜನ ಇದ್ದರು. ಹಾಜರಿ ಪುಸ್ತಕದಲ್ಲಿ ಇದ್ದದ್ದು ಆರು ಹೆಸರು. ಅಣ್ಣನ ಹೆಸರು ಆ ಆರರಲ್ಲಿ ಇರಲಿಲ್ಲ. ಹೆಸರಿಲ್ಲ ಅಂದರೆ ಹಕ್ಕೂ ಇಲ್ಲ ಅಂತ ನಾವು ಅಂದುಕೊಂಡೆವು. ಅದು ತಪ್ಪು. ಮಾಲೀಕರು ವಂತಿಗೆ ಕಟ್ಟದೆ ಇದ್ದರೆ ಇಎಸ್‌ಐ ನಿಗಮವೇ ಕೆಲಸಗಾರನಿಗೆ ಸೌಲಭ್ಯ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಅದಕ್ಕೆ ನಾನು ಅಲ್ಲಿ ಕೆಲಸ ಮಾಡುತ್ತಿದ್ದೆ ಅಂತ ತೋರಿಸಬೇಕಲ್ಲ? ಬಟವಾಡೆ ಹಣ ಫೋನ್‌ಪೇಯಲ್ಲಿ ಬಂದಿದ್ದರೆ ಅದು ಸಾಕ್ಷಿ. ಆಸ್ಪತ್ರೆ ಚೀಟಿಯಲ್ಲಿ "ಮಿಲ್ಲಿನಲ್ಲಿ ಯಂತ್ರಕ್ಕೆ ಸಿಕ್ಕಿ" ಅಂತ ಬರೆಸಿದ್ದರೆ ಅದು ಸಾಕ್ಷಿ. ಅಣ್ಣನ ಚೀಟಿಯಲ್ಲಿ ಬರೆದದ್ದು "ಬಾಗಿಲಿಗೆ ಸಿಕ್ಕಿ ಗಾಯ" ಅಂತ. ಬರೆಸಿದವರು ಯಾರು ಅಂತ ಹೇಳಬೇಕಿಲ್ಲ. ನಾವೂ ಪಕ್ಕದಲ್ಲೇ ನಿಂತಿದ್ದೆವು, ಸುಮ್ಮನಿದ್ದೆವು.

ಇಎಸ್‌ಐ ಇಲ್ಲದಿದ್ದರೆ ಮಾಲೀಕರೇ ಕೊಡಬೇಕು

ಇಎಸ್‌ಐ ವ್ಯಾಪ್ತಿಗೆ ಬರದ ಕೆಲಸಗಾರರಿಗಾಗಿ ಇದ್ದದ್ದು 1923ರ ಪರಿಹಾರ ಕಾಯ್ದೆ. ನೂರು ವರ್ಷ ಹಳೆಯದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಇಎಸ್‌ಐ ಕಾಯ್ದೆಯೂ ಈ ಕಾಯ್ದೆಯೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋದವು. ಹೆಸರು ಬದಲಾಗಿದೆ. ಪರಿಹಾರ ಲೆಕ್ಕ ಹಾಕುವ ರೀತಿ ಹೆಚ್ಚು ಕಡಿಮೆ ಹಾಗೇ ಇದೆ.

ಆ ಲೆಕ್ಕ ಹೀಗೆ. ಸ್ವಲ್ಪ ಕಾಲ ಮಾತ್ರ ದುಡಿಯಲು ಆಗದಿದ್ದರೆ, ಪ್ರತಿ ಅರ್ಧ ತಿಂಗಳಿಗೆ ತಿಂಗಳ ಸಂಬಳದ ಶೇ 25. ಅಂದರೆ ತಿಂಗಳಿಗೆ ಅರ್ಧ ಸಂಬಳ. ಇಎಸ್‌ಐನ ಶೇ 90ರ ಮುಂದೆ ಇದು ಕಡಿಮೆಯೇ. ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ದುಡಿಯುವ ಶಕ್ತಿ ಪೂರ್ತಿ ಹೋದರೆ ತಿಂಗಳ ಸಂಬಳದ ಶೇ 60ನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. 30 ವರ್ಷದವರಿಗೆ ಆ ಸಂಖ್ಯೆ 207.98, 40 ವರ್ಷದವರಿಗೆ 184.17. ಸ್ವಲ್ಪ ಭಾಗ ಮಾತ್ರ ಹೋದರೆ ಆ ಮೊತ್ತದಲ್ಲಿ ಅಷ್ಟು ಪಾಲು. ಯಾವ ಅಂಗಕ್ಕೆ ಎಷ್ಟು ಅಂತ ಪಟ್ಟಿಯೇ ಇದೆ. ಹೆಬ್ಬೆರಳು ಹೋದರೆ ಶೇ 30. ಒಂದು ಕೈಯ ಎರಡು ಬೆರಳು ಹೋದರೆ ಶೇ 20.

ಹಾಜರಿ ಪುಸ್ತಕದ ಆರು ಹೆಸರನ್ನೇ ನಂಬಿ, ಮಿಲ್ಲು ಇಎಸ್‌ಐ ಹೊರಗೆ ಅಂತ ಇಟ್ಟುಕೊಂಡು ಅಣ್ಣನ ಲೆಕ್ಕ ಮಾಡೋಣ. 15,000ದ ಶೇ 60 ಅಂದರೆ 9,000. 35ನೇ ವಯಸ್ಸಿಗೆ ಸಂಖ್ಯೆ 197.06. ಗುಣಿಸಿದರೆ 17,73,540. ಅದರ ಶೇ 20 ಅಂದರೆ 3,54,708 ರೂಪಾಯಿ. ನಾನು ಇದನ್ನು ಮೂರು ಸಲ ಗುಣಿಸಿ ನೋಡಿದೆ. 20,000 ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಮೂರೂವರೆ ಲಕ್ಷದ ಮೇಲೆ.

ಆ ಹೆಬ್ಬೆಟ್ಟಿಗೆ ಬೆಲೆಯೂ ಇರಲಿಲ್ಲ ಅನ್ನುವುದು ಇನ್ನೂ ದೊಡ್ಡ ಸಂಕಟ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಅಂತ ಕೆಲಸಗಾರ ಏನೇ ಬರೆದುಕೊಟ್ಟರೂ ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲ. 1923ರ ಕಾಯ್ದೆಯ 17ನೇ ಕಲಮು ಇದನ್ನು ನೇರವಾಗಿ ಹೇಳುತ್ತಿತ್ತು. ಇನ್ನೊಂದು ಮಾತು ನಮ್ಮನ್ನು ಬಾಯಿ ಮುಚ್ಚಿಸಿತ್ತು: "ನೀನೇ ನೋಡ್ಕೊಂಡು ಕೆಲಸ ಮಾಡಬೇಕಿತ್ತು." ನಿದ್ದೆಗಣ್ಣಲ್ಲಿ ಕೈ ಜಾರಿತು ಅಂತ ಅಣ್ಣನೂ ಒಪ್ಪಿಕೊಂಡಿದ್ದ. ಆದರೆ ಕೆಲಸಗಾರನ ಅಜಾಗರೂಕತೆ ಪರಿಹಾರ ತಪ್ಪಿಸಲು ಕಾರಣ ಆಗುವುದಿಲ್ಲ. ಕುಡಿದಿದ್ದರೆ, ಸುರಕ್ಷತೆಗೆ ಮಾಡಿದ ನಿಯಮವನ್ನು ಬೇಕೆಂದೇ ಮೀರಿದ್ದರೆ, ರಕ್ಷಣೆಗೆ ಹಾಕಿದ ಕವಚವನ್ನು ಬೇಕೆಂದೇ ತೆಗೆದಿದ್ದರೆ ಮಾತ್ರ ಮಾಲೀಕರು ಕೊಡೋದಿಲ್ಲ ಅನ್ನಬಹುದು. ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆದರೆ ಆಗಲೂ ಹಾಗೆ ಅನ್ನುವಂತಿಲ್ಲ.

ಪಟ್ಟಿಯ ಶೇಕಡಾವಾರು ಕೊನೆಯ ಮಾತಲ್ಲ ಅನ್ನುವುದೂ ಗೊತ್ತಿರಲಿ. ಮೊಣಕೈ ಮೇಲಿಂದ ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಪ್ರಕರಣ 1975ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಇವನ ದುಡಿಯುವ ಶಕ್ತಿ ಪೂರ್ತಿ ಹೋಗಿದೆ ಅಂತ ನ್ಯಾಯಾಲಯ ಒಪ್ಪಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಅಂತ ವಕೀಲರು ಇವತ್ತಿಗೂ ಇದನ್ನು ಮುಂದಿಡುತ್ತಾರೆ. ಅಡಿಕೆ ಮರ ಹತ್ತುವವನ ಕಾಲು ಸೊಟ್ಟಾದರೆ ಅದು ಡಾಕ್ಟರ ಚೀಟಿಯಲ್ಲಿ ಸಣ್ಣ ಅಂಕಿ ಇರಬಹುದು. ಚನ್ನಗಿರಿಯ ತೋಟದಲ್ಲಿ ಅವನು ಮತ್ತೆ ಮರ ಹತ್ತಲಾರ ಅನ್ನುವುದೇ ನಿಜವಾದ ಲೆಕ್ಕ.

ಮಾಲೀಕರು ಒಂದು ತಿಂಗಳೊಳಗೆ ಕೊಡಬೇಕು. ತಡವಾದರೆ ಶೇ 12ರ ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದಷ್ಟು ದಂಡವೂ ಬೀಳಬಹುದು. ಅರ್ಜಿ ಹಾಕಲು ಎರಡು ವರ್ಷ ಸಮಯ. ಸರಿಯಾದ ಕಾರಣ ತೋರಿಸಿದರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳಬಹುದು. ನಮಗೆ ಇದೆಲ್ಲ ತಿಳಿಯುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಆದರೂ ಹಾಕೋಣ ಅಂದೆ. "ಬಿಡೋ ತಮ್ಮಾ, ಅವರ ಉಪ್ಪು ತಿಂದೀನಿ" ಅಂದ ಅಣ್ಣ. ನಾನು ಆಮೇಲೆ ಒತ್ತಾಯ ಮಾಡಲಿಲ್ಲ.

ಗುತ್ತಿಗೆದಾರನ ಕೈಕೆಳಗೆ ಇರುವವರಿಗೆ ಒಂದು ಮಾತು. ಮೇಸ್ತ್ರಿ ಫೋನ್ ಎತ್ತದೆ ಹೋದರೆ ದಾರಿ ಮುಚ್ಚಿತು ಅಂತಲ್ಲ. ಯಾರ ಕೆಲಸಕ್ಕಾಗಿ ಗುತ್ತಿಗೆ ಕೊಟ್ಟಿದ್ದರೋ ಆ ಮುಖ್ಯ ಮಾಲೀಕರಿಂದಲೂ ಪರಿಹಾರ ಕೇಳಬಹುದು.

ಮಾಲೀಕರೇ ಇಲ್ಲದವರು

ಈಗ ಕಷ್ಟದ ಜಾಗಕ್ಕೆ ಬಂದೆವು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮೂಟೆ ಹೊರುವ ಹಮಾಲಿ ಬೆಳಿಗ್ಗೆ ಒಬ್ಬರ ಅಂಗಡಿಯಲ್ಲಿ, ಮಧ್ಯಾಹ್ನ ಇನ್ನೊಬ್ಬರ ಲಾರಿಯಲ್ಲಿ. ಬೆನ್ನು ಹಿಡಿದರೆ ಯಾರನ್ನು ಕೇಳುವುದು? ಮಂಡಕ್ಕಿ ಭಟ್ಟಿಯಲ್ಲಿ ಇರುವುದೇ ನಾಲ್ಕೈದು ಜನ, ಎಷ್ಟೋ ಕಡೆ ಮನೆಯವರೇ. ಬಿಸಿ ಮರಳು ಕಾಲ ಮೇಲೆ ಬಿದ್ದರೆ ಹದಿನೈದು ದಿನ ಕೆಲಸ ಇಲ್ಲ. ಕಾರ್ಖಾನೆಗೆ ಮಾಡಿದ ಕಾನೂನು ಇವರನ್ನು ತಲುಪುವುದೇ ಇಲ್ಲ.

ಇವರಿಗಾಗಿ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯಲ್ಲಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಅನ್ನುವ ಯೋಜನೆ ಇದೆ. ಹಮಾಲರು, ಭಟ್ಟಿ ಕಾರ್ಮಿಕರು, ಟೈಲರ್‌ಗಳು, ಮೆಕ್ಯಾನಿಕ್‌ಗಳು, ಮನೆಗೆಲಸದವರು ಇದರಲ್ಲಿ ಬರುತ್ತಾರೆ. ನೋಂದಣಿ ಆಗಿದ್ದರೆ ಅಪಘಾತದ ಸಾವಿಗೆ 1 ಲಕ್ಷ, ಶಾಶ್ವತ ದುರ್ಬಲತೆಗೆ 1 ಲಕ್ಷದವರೆಗೆ, ಆಸ್ಪತ್ರೆ ಖರ್ಚಿಗೆ 50,000ದವರೆಗೆ. ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಬೇರೆ ಇದೆ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರ್ಷದವರು ಅಲ್ಲಿ ಹೆಸರು ಬರೆಸಬಹುದು. ಅಪಘಾತ ಪರಿಹಾರ, ದುರ್ಬಲತೆ ಪಿಂಚಣಿ ಅಲ್ಲಿ ಉಂಟು. ಲಾರಿ, ಆಟೋ, ಟ್ಯಾಕ್ಸಿಯವರಿಗೆ ಖಾಸಗಿ ವಾಣಿಜ್ಯ ಸಾರಿಗೆ ಕಾರ್ಮಿಕರ ಯೋಜನೆಯಲ್ಲಿ ಅಪಘಾತದಿಂದ ಸತ್ತರೆ ಕುಟುಂಬಕ್ಕೆ 5 ಲಕ್ಷ.

ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಲ್ಲರಿಗೂ ಗೊತ್ತು. ಅಪಘಾತದಲ್ಲಿ ಸತ್ತರೆ ಅಥವಾ ಎರಡೂ ಕಣ್ಣು, ಎರಡೂ ಕೈ, ಎರಡೂ ಕಾಲು ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಮಾಡಿಸಲೇಬೇಕು. ಆದರೆ ಕಾಲು ಮುರಿದು ಮೂರು ತಿಂಗಳು ಮಲಗಿದರೆ ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಈ ಯೋಜನೆಗಳನ್ನೆಲ್ಲ ಪಕ್ಕ ಪಕ್ಕ ಇಟ್ಟು ನೋಡಿ. ಸತ್ತರೆ ಹಣ. ಅಂಗ ಹೋದರೆ ಹಣ. ಆಸ್ಪತ್ರೆ ಬಿಲ್ಲಿಗೆ ಹಣ. ಮೂಳೆ ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು, ಅರವತ್ತು ದಿನ ಮನೆಯಲ್ಲಿದ್ದು, ಮತ್ತೆ ಗಟ್ಟಿಯಾಗಿ ಎದ್ದು ಕೆಲಸಕ್ಕೆ ಹೋಗುವವನಿಗೆ? ಏನೂ ಇಲ್ಲ. ಅವನೇ ಅಲ್ವಾ ನಮ್ಮ ಸುತ್ತ ಜಾಸ್ತಿ ಕಾಣುವುದು? ಅವನು ಸಾಲಕ್ಕೆ ಬೀಳುವುದು ಆ ಅರವತ್ತು ದಿನದಲ್ಲೇ. ಮಗ ಕಾಲೇಜು ಬಿಟ್ಟು ಮಿಲ್ಲಿಗೆ ಹೋಗುವುದೂ ಆಗಲೇ. ಅರ್ಧ ಮಾಗಿದ ಬೆನ್ನಿನಲ್ಲಿ ಮತ್ತೆ ಮೂಟೆ ಹೊತ್ತು, ಈ ಸಲ ಶಾಶ್ವತವಾಗಿ ಬೆನ್ನು ಕಳೆದುಕೊಳ್ಳುವುದೂ ಇದೇ ಕಾರಣಕ್ಕೆ. ಶಾಶ್ವತ ದುರ್ಬಲತೆಗೆ ಲಕ್ಷ ಕೊಡುವ ಮಂಡಳಿ ಎರಡು ತಿಂಗಳು ಊಟದ ಖರ್ಚು ಕೊಟ್ಟಿದ್ದರೆ ಆ ಲಕ್ಷ ಎಷ್ಟೋ ಸಲ ಬೇಕಾಗುತ್ತಲೇ ಇರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಇದು ಆಗದ ಮಾತಲ್ಲ. ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ ಹಮಾಲರ ಕಾಯ್ದೆ ಬಂತು. ಅಲ್ಲಿ ಹಮಾಲರೂ ವ್ಯಾಪಾರಿಗಳೂ ಒಂದು ಮಂಡಳಿಯಲ್ಲಿ ಹೆಸರು ಬರೆಸುತ್ತಾರೆ. ವ್ಯಾಪಾರಿಗಳು ಕೂಲಿಯ ಜೊತೆಗೆ ಲೆವಿ ಸೇರಿಸಿ ಮಂಡಳಿಗೆ ಕಟ್ಟುತ್ತಾರೆ. ಭವಿಷ್ಯನಿಧಿ, ಗ್ರಾಚ್ಯುಟಿ, ಔಷಧೋಪಚಾರ ಆ ಲೆವಿಯಿಂದ ನಡೆಯುತ್ತವೆ. ಒಬ್ಬನೇ ಮಾಲೀಕ ಇಲ್ಲದ ಕೆಲಸಕ್ಕೂ ಮಾಲೀಕರ ಜವಾಬ್ದಾರಿ ಹಂಚಬಹುದು ಅಂತ ಅವರು ತೋರಿಸಿದ್ದಾರೆ. ನಮ್ಮ ಎಪಿಎಂಸಿಯಲ್ಲಿ ಪ್ರತಿ ಮೂಟೆಗೂ ಲೆಕ್ಕ ಇದೆ. ಹೊರುವ ಬೆನ್ನಿಗೂ ಒಂದು ಪಾಲು ತೆಗೆದಿಡುವುದು ಕಷ್ಟವಲ್ಲ.

ಹೊಸ ಸಂಹಿತೆಯಲ್ಲಿ ಎರಡು ಕಿಟಕಿ ತೆರೆದಿವೆ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯೂ ಮಾಲೀಕರು ಮತ್ತು ಹೆಚ್ಚಿನ ಕೆಲಸಗಾರರು ಒಪ್ಪಿದರೆ ತಾವಾಗಿಯೇ ಇಎಸ್‌ಐಗೆ ಸೇರಬಹುದು. ಅಪಾಯಕಾರಿ ಅಂತ ಸರ್ಕಾರ ಗುರುತಿಸಿದ ಕೆಲಸಗಳಲ್ಲಿ ಒಬ್ಬನೇ ಇದ್ದರೂ ಇಎಸ್‌ಐ ಅನ್ವಯಿಸಬಹುದು. ಭಟ್ಟಿ ಮಾಲೀಕರ ಸಂಘದವರು ಮೊದಲನೆಯದನ್ನು ಕೂತು ಮಾತಾಡಿದರೆ ಚೆನ್ನ. ಮನೆ ಮನೆಗೆ ಊಟ ತಲುಪಿಸುವ ಹುಡುಗರಿಗೆ ರಾಜ್ಯವೇ 2025ರಲ್ಲಿ ಪ್ರತ್ಯೇಕ ಕಾಯ್ದೆ ತಂದಿದೆ. ಕಂಪನಿಗಳು ಅವರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಆ ಹಣದಲ್ಲಿ ಪೆಟ್ಟಾದ ದಿನಗಳ ಭತ್ಯೆಗೂ ಜಾಗ ಮಾಡಲಿ.

ರಸ್ತೆಯಲ್ಲಿ ಆದರೆ

ಚಿತ್ರದುರ್ಗ, ಹಿರಿಯೂರು, ದಾವಣಗೆರೆ ದಾಟಿ ಹೋಗುವ ಹೆದ್ದಾರಿ 48ರಲ್ಲಿ ಹಗಲು ರಾತ್ರಿ ಲಾರಿ. ರಸ್ತೆ ಅಪಘಾತ ಆದವರಿಗೆ 2025ರಿಂದ ಮೊದಲ ಏಳು ದಿನ 1.5 ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ ಇದೆ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ವಾಹನ ಸಿಕ್ಕಿದರೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಕೇಳುವಾಗ ಮಲಗಿದ್ದ ದಿನಗಳ ಕೂಲಿಯನ್ನೂ ಸೇರಿಸಿ ಕೇಳಬೇಕು. ಅದಕ್ಕೆ ಈಗ ಆರು ತಿಂಗಳ ಗಡುವು ಇದೆ.

ಲಾರಿ ಡ್ರೈವರುಗಳು ಒಂದು ವಿಷಯ ತಿಳಿದಿರಬೇಕು. ತಪ್ಪು ತನ್ನದೇ ಆದರೆ ನ್ಯಾಯಮಂಡಳಿಯಲ್ಲಿ ಡ್ರೈವರಿಗೆ ದಾರಿ ಕಷ್ಟ. ಆದರೆ ಅವನೂ ಲಾರಿ ಮಾಲೀಕರ ಕೆಲಸಗಾರನೇ. ಮೇಲೆ ಹೇಳಿದ ಮಾಲೀಕರ ಪರಿಹಾರ ಅವನಿಗೂ ಇದೆ, ಲಾರಿಯ ವಿಮೆಯೇ ಅದನ್ನು ತುಂಬಿಕೊಡಬೇಕು. ಎರಡೂ ದಾರಿ ಇರುವವರು ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಸಂಬಳ 21,000 ದಾಟಿದವರ ಸ್ಥಿತಿ ಇನ್ನೊಂದು ಥರ. ಈ ಮಿತಿ ನಿಂತದ್ದು 2017ರ ಜನವರಿಯಲ್ಲಿ. ಅಲ್ಲಿಂದ ಬೆಲೆಗಳೆಲ್ಲ ಏರಿವೆ, ಮಿತಿ ಮಾತ್ರ ನಿಂತಲ್ಲೇ ಇದೆ. 22,000 ಸಂಬಳದವನು ಇಎಸ್‌ಐನಿಂದ ಹೊರಗೆ. ಪರಿಹಾರ ಕಾಯ್ದೆಯಲ್ಲಿ 2020ರಲ್ಲಿ ನಿಗದಿಯಾದ ಪ್ರಕಾರ ಅವನ ಸಂಬಳವನ್ನು 15,000 ಅಂತಲೇ ಲೆಕ್ಕ ಹಿಡಿಯುತ್ತಾರೆ. ಹೀಗಿರುವವರು ಖಾಸಗಿ ಅಪಘಾತ ವಿಮೆ ಮಾಡಿಸುವಾಗ, ತಾತ್ಕಾಲಿಕವಾಗಿ ದುಡಿಯಲು ಆಗದಿದ್ದರೆ ವಾರಕ್ಕೆ ಇಷ್ಟು ಕೊಡುವ ಭಾಗ ಅದರಲ್ಲಿ ಇದೆಯಾ ಅಂತ ಕೇಳಿ. ಕೇಳದಿದ್ದರೆ ಏಜೆಂಟರು ಅದನ್ನು ಹೇಳುವುದು ಅಪರೂಪ.

ಪೆಟ್ಟಾದ ಮೊದಲ ದಿನವೇ ಕೆಲಸ ಶುರುವಾಗಬೇಕು. ಗಾಯ ಎಲ್ಲಿ, ಹೇಗೆ ಆಯಿತು ಅಂತ ಆಸ್ಪತ್ರೆ ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಿ. ಮಾಲೀಕರಿಗೆ ವಾಟ್ಸ್ಆಪಿನಲ್ಲಾದರೂ ಒಂದು ಸಾಲು ಕಳಿಸಿ, ತಾರೀಕು ಉಳಿಯುತ್ತದೆ. ಇಎಸ್‌ಐ ಇದ್ದರೆ ಅಪಘಾತದ ವರದಿ ಕಳಿಸಿದ್ದಾರಾ ಅಂತ ಕೇಳಿ. ರಜೆ ಚೀಟಿಯನ್ನು ಇಎಸ್‌ಐ ವೈದ್ಯರಿಂದಲೇ ತೆಗೆದುಕೊಳ್ಳಿ, ಪ್ರತಿ ಸಲ. ಕೆಲಸದಿಂದ ತೆಗೆದಾರು ಅಂತ ಹೆದರಿಕೆ ಇರುತ್ತದೆ, ನನಗೆ ಅರ್ಥ ಆಗುತ್ತದೆ. ಇಎಸ್‌ಐ ಭತ್ಯೆ ಪಡೆಯುತ್ತಿರುವ ದಿನಗಳಲ್ಲಿ ಕೆಲಸಗಾರನನ್ನು ತೆಗೆಯುವಂತಿಲ್ಲ ಅಂತ ಕಾನೂನೇ ಹೇಳುತ್ತದೆ.

ಅಣ್ಣನ ಮಗಳು ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ. 14,000 ಸಂಬಳ. ಮೊದಲ ತಿಂಗಳ ಚೀಟಿ ತಂದು, "ಅಪ್ಪಾ, 105 ರೂಪಾಯಿ ಯಾಕೆ ಹಿಡ್ಕೊಂಡಾರೆ?" ಅಂತ ಕೇಳಿದಳು. ಅಣ್ಣ ಚೀಟಿ ಇಸಿದುಕೊಂಡು ನೋಡಿದ. ಅದರಲ್ಲಿ ಅವಳ ಇಎಸ್‌ಐ ನಂಬರ್ ಇತ್ತು, ಹತ್ತು ಅಂಕಿಯದು. ಗೋಡೆಯ ಕ್ಯಾಲೆಂಡರ್ ಇಳಿಸಿ, ಅದರ ಹಿಂದೆ ಮೂರು ಬೆರಳಲ್ಲಿ ಪೆನ್ನು ಹಿಡಿದು, ಆ ನಂಬರನ್ನು ದೊಡ್ಡದಾಗಿ ಬರೆದಿಟ್ಟ.